ಬೀಗರ ಮನೆ ಸೇರಿದ ನೆರೆ ಸಂತ್ರಸ್ತರಿಗೆ ಪರಿಹಾರ: ನಾವು ಮಾಡಿಸಿದ ರೀತಿ

‘ಕಾಳಜಿ ಕೇಂದ್ರದಲ್ಲಿ (ಸರ್ಕಾರ ತೆರೆಯುವ ನೆರೆ ಪರಿಹಾರ ಕೇಂದ್ರ) ಹೆಸರು ಬರೆಸದವರಿಗೆ ಬಿಡಿಗಾಸೂ ಬರಲ್ಲ’ ಎಂದೇ ಲಿಂಗಸುಗೂರು, ದೇವದುರ್ಗದ ಕಡೆ ಎಲ್ಲರೂ ಹೇಳುತ್ತಿದ್ದರು. ಬರುತ್ತದೆ. ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟಾಗ ಬೀಗರ ಮನೆ ಸೇರಿದವರ ಪೈಕಿ ನಾವು ಕಾಗದ ಮಾಡಿಸಿದ ಮುಕ್ಕಾಲು ಪಾಲು ಕುಟುಂಬಗಳಿಗೆ ಬಂದಿದೆ.

ಎಸ್‌ಡಿಆರ್‌ಎಫ್ (ರಾಜ್ಯ ವಿಪತ್ತು ಸ್ಪಂದನಾ ನಿಧಿ) ಮಾನದಂಡದಲ್ಲಿ ಆಶ್ರಯ ಕೊಟ್ಟ ಮನೆಯವರಿಗೆಂದೇ ಬಾಬ್ತು ಇಲ್ಲ. ಹಣ ಬರುವುದು ಮನೆ ಬಿಟ್ಟು ಬಂದವರ ಹೆಸರಿನಲ್ಲಿ. ದುಡಿಮೆಗೆ ಪೆಟ್ಟು ಬಿದ್ದ ಕುಟುಂಬಕ್ಕೆ ನಿತ್ಯದ ನೆರವು ಕೊಡಲು 2022–26ರ ಮಾನದಂಡ ಹಾಕಿದ ಷರತ್ತೇ, ಅವರು ಪರಿಹಾರ ಕೇಂದ್ರದಲ್ಲಿ ಇರಬಾರದು ಎಂಬುದು. ಆ ನೆರವು ಉದ್ಯೋಗ ಖಾತರಿ ಕೂಲಿಯ ದರದಲ್ಲಿ, ಕುಟುಂಬದ ಇಬ್ಬರು ವಯಸ್ಕರವರೆಗೆ. ಅದೇ ಮಾನದಂಡದಲ್ಲಿ, ಮನೆ ಎರಡು ದಿನಕ್ಕಿಂತ ಹೆಚ್ಚು ಮುಳುಗಿದ್ದರೆ ಬಟ್ಟೆಗೆ 2,500, ಪಾತ್ರೆಗೆ 2,500 ರೂಪಾಯಿ ಬೇರೆ.

ಆ ‘ಎರಡು ದಿನ’ವೇ ಕೈಕೊಡುವ ಜಾಗ. ನೀರು ಇಳಿದ ಮೇಲೆ ಪಂಚನಾಮೆಗೆ ಬಂದವರಿಗೆ ಒಣಗಿದ ಗೋಡೆ ಕಾಣುತ್ತದೆ. ಮೊದಲ ದಿನ, ಮೂರನೇ ದಿನ ದಿನಾಂಕ–ಸ್ಥಳ ಮೂಡುವ ಆ್ಯಪ್‌ನಲ್ಲಿ ಒಂದೇ ಕೋನದಿಂದ ಫೋಟೊ ತೆಗೆಯಿರಿ, ನೀರಿನ ಗೆರೆಗೆ ಬಣ್ಣ ಬಳಿಯಿರಿ. ಆಶ್ರಯ ಕೊಟ್ಟ ಮನೆಯವರು, ಯಾರ‍್ಯಾರು, ಯಾವತ್ತಿನಿಂದ ತಮ್ಮ ಮನೆಯಲ್ಲಿದ್ದಾರೆ ಎಂದು ಹೇಳಿಕೆ ಬರೆದು, ಕರೆಂಟ್ ಬಿಲ್ ಲಗತ್ತಿಸಿ ಗ್ರಾಮ ಆಡಳಿತಾಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಬೇಕು.

ತಿರಸ್ಕೃತವಾದ ಅರ್ಜಿಗಳಲ್ಲಿ ಹೆಚ್ಚಿನವಕ್ಕೆ ಕಾರಣ ಎರಡು ಕಡೆ ಹೆಸರು. ದನ ಕಾಯಲು ಉಳಿದ ಗಂಡಸರು ಒಂದು ಹೊತ್ತಿನ ಊಟಕ್ಕೆ ಕಾಳಜಿ ಕೇಂದ್ರದಲ್ಲಿ ಸಹಿ ಹಾಕಿರುತ್ತಾರೆ, ಅದರಿಂದ ನಿತ್ಯದ ನೆರವಿನ ಪಟ್ಟಿಯಿಂದ ಇಡೀ ಕುಟುಂಬದ ಹೆಸರು ಹೋಗುತ್ತದೆ. ಇನ್ನೊಂದು, ಆಧಾರ್ ಕೊನೆಗೆ ಜೋಡಣೆಯಾದ ಖಾತೆಗೇ ದುಡ್ಡು ಹೋಗುವುದು. ಅದು ಯಾವಾಗಲೋ ತೆರೆದು ಮರೆತ ಖಾತೆ ಆಗಿರಬಹುದು, ಬ್ಯಾಂಕಿನಲ್ಲಿ ಮೊದಲೇ ನೋಡಿಸಿ.

ಆರು ಮಂದಿ ಬಂದರೆ ಆಶ್ರಯ ಕೊಟ್ಟ ಮನೆಗೆ ತಿಂಗಳಿಗೆ ಏಳೆಂಟು ಸಾವಿರ ಹೆಚ್ಚುವರಿ ಖರ್ಚು. ಬೀಗರ ನಡುವೆ ದುಡ್ಡಿನ ಮಾತು ಯಾಕೆ ಎನ್ನುವವರೇ ಬಹಳ. ಆದರೆ ಹೊತ್ತಿಗೆ ಇಪ್ಪತ್ತು ರೊಟ್ಟಿ ಜಾಸ್ತಿ ಬಡಿಯುವ ಹೆಣ್ಣುಮಗಳ ಪಾಲನ್ನು ಮೊದಲ ದಿನವೇ ಮಾತಾಡಿಕೊಳ್ಳಬೇಕು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ರೇಷನ್ನನ್ನು ಅತಿಥಿಗಳು ತಾವು ಉಳಿದುಕೊಂಡ ಊರಿನ ಅಂಗಡಿಯಲ್ಲೇ ಬೆರಳಚ್ಚು ಕೊಟ್ಟು ತರಬಹುದು. ತಿಂಗಳ ಕೊನೆಗೆ ಹೋದರೆ ದಾಸ್ತಾನು ಮುಗಿದಿರುತ್ತದೆ.

ಮನೆಯಲ್ಲಿ ಜನ ಹೆಚ್ಚಿದಾಗ ಕರೆಂಟಿನದು ಬೇರೆ ಪೇಚು. ಗೃಹಜ್ಯೋತಿಯಲ್ಲಿ 2022–23ರ ಸರಾಸರಿಗೆ ಶೇ 10 ಸೇರಿಸಿದಷ್ಟೇ ಉಚಿತ. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ ಶೇಕಡಾವಾರು ಬದಲು 10 ಯೂನಿಟ್ ಸೇರುತ್ತದೆ. ಮೀರಿದ್ದಕ್ಕೆ ದುಡ್ಡು, 200 ದಾಟಿದರೆ ಪೂರ್ತಿ ಬಿಲ್ಲು. ಸಬ್‌ಮೀಟರ್ ಹಾಕಿಸಿ ನೋಡಿದೆವು. ಯಾರು ಎಷ್ಟು ಉರಿಸಿದರು ಎಂದು ಗೊತ್ತಾಗುತ್ತದೆ, ಆರ್.ಆರ್. ನಂಬರ್ (ಸಂಪರ್ಕದ ಸಂಖ್ಯೆ) ಒಂದೇ ಆದ್ದರಿಂದ ಬಿಲ್ಲು ಇಳಿಯುವುದಿಲ್ಲ.

ಮಣ್ಣಿನ ಗೋಡೆಗಳು ನೀರಿಳಿದ ವಾರ, ಹದಿನೈದು ದಿನಕ್ಕೆ ಒಣಗುತ್ತಾ ಕುಸಿಯುತ್ತವೆ. ಆಗ ಎರಡನೇ ಪಂಚನಾಮೆಗೆ ಅರ್ಜಿ ಹಾಕಿ, ಮೊದಲಿನ ಫೋಟೊಗಳನ್ನೇ ಜೊತೆಗಿಡಿ.