ಹಾಸ್ಟೆಲ್‌ನಲ್ಲಿ ಆರು ಹಾಡಿನ ಪಟ್ಟಿ: ನನ್ನ ಅನುಭವ

ಕಳೆದ ಫೆಬ್ರವರಿ ಕೊನೆ, ದ್ವಿತೀಯ ಪಿಯುಸಿ ಪರೀಕ್ಷೆ-1ಕ್ಕೆ ಇನ್ನೇನು ನಾಲ್ಕು ದಿನ. ರಾತ್ರಿ ಹತ್ತೂವರೆಗೆ ವಾರ್ಡನ್ ಸಾಹೇಬರು ನನ್ನ ಕೋಣೆ ಬಾಗಿಲು ಬಡಿದರು. "ಸರ, ಹುಡುಗರಿಗೆ ಮಾಡಿಸ್ತೀರಲ್ಲ, ಆ ಆರು ಹಾಡಿನ ಲಿಸ್ಟು, ಅದು ಹೆಂಗಂತ ಒಂಚೂರು ಹೇಳ್ರಿ. ನಮ್ಮ ಮಗಳು ಎರಡು ದಿನದಿಂದ ಊಟಾನೇ ಬಿಟ್ಟಾಳ." ಪರೀಕ್ಷೆಯ ಗಾಬರಿ, ಬೇಜಾರಿನಲ್ಲಿರುವ ಹುಡುಗರಿಗೆ ಫೋನಿನಲ್ಲಿ ಹಾಡಿನ ಪಟ್ಟಿ ಮಾಡಿ ಕೇಳಿಸುವ ಈ ಕೆಲಸವನ್ನು 2023ರಲ್ಲಿ ನಾನು ಶುರು ಮಾಡಿದಾಗ "ಹಾಡು ಕೇಳಿದ್ರ ಮಾರ್ಕ್ಸ್ ಬರ್ತಾವೇನ್ರಿ" ಎಂದು ಸ್ಟಾಫ್ ಮೀಟಿಂಗಿನಲ್ಲಿ ಎಲ್ಲರೆದುರು ನಕ್ಕವರು ಇವರೇ. ಆವತ್ತು ನಕ್ಕವರು ಇನ್ನೂ ನಾಲ್ಕು ಜನ ಇದ್ದಾರೆ. ಅವರು ಓದಲಿ ಅಂತಲೂ ಇದನ್ನು ಬರೆಯುತ್ತಿದ್ದೇನೆ.

ನಾನು ಧಾರವಾಡದ ಒಂದು ಪಿಯು ಕಾಲೇಜಿನ ಹಾಸ್ಟೆಲ್‌ನಲ್ಲಿ ಆಪ್ತಸಮಾಲೋಚಕ. ಹುಡುಗರು ಸುಮಾರು 180. ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳದ ಕಡೆಯವರೇ ಹೆಚ್ಚು. ಅರ್ಧಕ್ಕರ್ಧ ನೀಟ್, ಸಿಇಟಿ ಗುಂಗಿನಲ್ಲಿರುವವರು. 2024ರಲ್ಲಿ ಪಿಯುಸಿ ಪರೀಕ್ಷೆ ವರ್ಷಕ್ಕೆ ಒಂದರ ಬದಲು ಮೂರಾದ ಮೇಲೆ ಮಕ್ಕಳಿಗೆ ಅವಕಾಶ ಹೆಚ್ಚಾಯಿತು, ನಿಜ. ನನ್ನ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂರುವವರೂ ವರ್ಷಕ್ಕೆ ಮೂರು ಸಲ ಹೆಚ್ಚಾದರು. ಇದೇ ಕೆಲಸ ಮಾಡುವವರಿಗಾಗಿ ಬರೆಯುತ್ತಿರುವುದರಿಂದ ಮಾತು ಹೇಗೆ ತೆಗೆಯಬೇಕು, ಗೌಪ್ಯತೆ ಅಂದರೇನು, ಇವನ್ನೆಲ್ಲ ಬಿಡುತ್ತೇನೆ.

ಮೊದಲ ಸಲ ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪನ್ನೇ. ಕೊಳಲು, ಮಳೆ ಸದ್ದು, ಜಲಪಾತ, ನಡುವೆ ಒಂದಿಷ್ಟು ವೀಣೆ. ಆ್ಯಪಿನಲ್ಲಿ 'ರಿಲ್ಯಾಕ್ಸ್' ಅಂತ ಹುಡುಕಿದರೆ ಬರುವುದನ್ನೆಲ್ಲ ಪೇರಿಸಿ ನಲವತ್ತು ನಿಮಿಷದ ಪಟ್ಟಿ ಮಾಡಿದೆ. ನನಗಂತೂ ಬಹಳ ಹಿತವಾಗಿತ್ತು. ಹುಡುಗರಲ್ಲಿ ಮೂವರು ಮಲಗಿಬಿಟ್ಟರು, ಇಬ್ಬರಿಗೆ ಮಳೆ ಸದ್ದು ಕೇಳಿ ಬಾತ್‌ರೂಮಿಗೆ ಅವಸರವಾಯಿತು. ಕಿರುಪರೀಕ್ಷೆಯಲ್ಲಿ ಫೇಲಾಗಿ ಬಂದಿದ್ದ ಒಬ್ಬ ಇಯರ್‌ಫೋನ್ ಕಿತ್ತು ಮೇಜಿನ ಮೇಲಿಟ್ಟು ಅಂದ: "ಸರ, ಇದು ಸುಮ್ಮನ ಕೂಡು ಅಂತ ಬೈದಂಗ ಆಗ್ತದರಿ." ಆ ಮಾತನ್ನು ಅರ್ಥ ಮಾಡಿಕೊಳ್ಳಲು ನನಗೆ ನಾಲ್ಕು ತಿಂಗಳು ಹಿಡಿಯಿತು.

ಎರಡನೆಯ ಸಲ ತಿರುಗಿಸಿ ಮಾಡಿದೆ. ನಿಮ್ಮ ಹಾಡು ನೀವೇ ಹಾಕಿಕೊಳ್ಳಿ ಅಂದೆ. ಇದು ಇನ್ನೂ ಕೆಟ್ಟದಾಯಿತು. ನಮ್ಮ ಹುಡುಗರು 'ಫೀಲಿಂಗ್ ಸಾಂಗ್' ಅನ್ನುತ್ತಾರಲ್ಲ, ಅದನ್ನು ಒಂದು ಒತ್ತಿದರೆ ಸಾಕು. ಆ್ಯಪು ಅದರ ಹಿಂದೆ ಇನ್ನೊಂದನ್ನು, ಅದರ ಹಿಂದೆ ಮತ್ತೊಂದನ್ನು ತಾನೇ ತಂದು ಕೊಡುತ್ತದೆ. ಕೊನೆ ಅನ್ನುವುದೇ ಇಲ್ಲ. ಮುಧೋಳದ ಕಡೆಯ ಒಬ್ಬ ಹುಡುಗ ಒಂದೇ ಕೂಡಿಕೆಯಲ್ಲಿ ಎರಡು ತಾಸು ಹದಿನೇಳೋ ಹದಿನೆಂಟೋ ಪ್ಯಾಥೋ ಹಾಡು ಕೇಳಿ ಎದ್ದ. ಮನಸ್ಸು ಹೇಗಿದೆ ಅಂತ ಕೇಳಿದರೆ ಬಂದಾಗ ಹತ್ತಕ್ಕೆ ನಾಲ್ಕು ಅಂದಿದ್ದವನು ಹೋಗುವಾಗ ಎರಡು ಅಂದ. ಸೊನ್ನೆ ಅಂದರೆ ತೀರ ಕೆಟ್ಟದ್ದು, ಹತ್ತು ಅಂದರೆ ಚಲೋ, ಅದು ನಮ್ಮ ಲೆಕ್ಕ. ಪ್ರಾಂಶುಪಾಲರು ಆ ವಾರವೇ ಫೋನುಗಳನ್ನು ಬೀರುವಿಗೆ ಹಾಕಿಸಿದರು. ತಪ್ಪು ನನ್ನದೇ, ಅವರದಲ್ಲ.

ಮುಂದೆ ಬಂದ ರಜೆಯಲ್ಲಿ ಕೂತು ಓದಿದೆ. ದುಃಖದಲ್ಲಿರುವವನಿಗೆ ಮೊದಲು ಅವನ ಮನಸ್ಥಿತಿಗೆ ಹೊಂದುವ ಸಂಗೀತವನ್ನೇ ಕೊಟ್ಟು, ಆಮೇಲೆ ನಿಧಾನ ತಿರುಗಿಸಬೇಕೆಂದು ಅಮೆರಿಕದ ಮನೋವೈದ್ಯ ಐರಾ ಆಲ್ಟ್‌ಶೂಲರ್ 1940ರ ದಶಕದಲ್ಲೇ ಹೇಳಿದ್ದರು. ಗೊತ್ತಿದ್ದ ವಿಷಯವೇ, ಆದರೆ ಕೈಗೆ ಬಂದಿರಲಿಲ್ಲ. ಅದಕ್ಕಿಂತ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನವರು ಯುವಕರಿಗೆಂದೇ ಮಾಡಿದ ಮ್ಯೂಸಿಕ್ ಇಸ್ಕೇಪ್ ಎಂಬ ಆ್ಯಪು. ಫೋನಿನಲ್ಲಿರುವ ಹಾಡುಗಳನ್ನು ಅದು ಮನಸ್ಥಿತಿಯ ನಕ್ಷೆಯ ಮೇಲೆ ಹರಡುತ್ತಿತ್ತು. ಈಗ ಇಲ್ಲಿದ್ದೇನೆ, ಅಲ್ಲಿಗೆ ಹೋಗಬೇಕು ಅಂತ ಬೆರಳಿನಿಂದ ದಾರಿ ಎಳೆದರೆ ಪಟ್ಟಿ ತಯಾರಾಗುತ್ತಿತ್ತು. ಐಫೋನಿಗೆ ಮಾಡಿದ್ದು, ನಮ್ಮ ಹುಡುಗರ ಕೈಯಲ್ಲಿ ಐಫೋನ್ ಎಲ್ಲಿಂದ ಬರಬೇಕು? 169 ಯುವಜನರ ಮೇಲೆ ಅದನ್ನು ಪರೀಕ್ಷಿಸಿದ ವರದಿ 2019ರಲ್ಲಿ ಬಂತು. ಆ್ಯಪು ಮೊದಲೇ ಸಿಕ್ಕವರಿಗೂ ಹೋಲಿಸಿ ನೋಡಲೆಂದು ಕಾಯಿಸಿದವರಿಗೂ ಒಂದು ತಿಂಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಬೇರೆಯವರು ಇದನ್ನು ಓದಿ ಕೈಬಿಡುತ್ತಿದ್ದರೇನೋ. ನನಗೆ ಹೊಳೆದದ್ದು ಬೇರೆ: ನಕ್ಷೆ ಚಲೋ ಇದೆ, ಪಕ್ಕದಲ್ಲಿ ಮನುಷ್ಯ ಇಲ್ಲ.

ನಕ್ಷೆಯನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. ಒಂದು ಅಡ್ಡಗೆರೆ, ಒಂದು ಉದ್ದಗೆರೆ. ಎಡಕ್ಕೆ ಬೇಜಾರು, ಬಲಕ್ಕೆ ಖುಷಿ. ಮೇಲೆ ಹೋದಷ್ಟೂ ಮೈಯಲ್ಲಿ ಗಡಿಬಿಡಿ, ಕೆಳಗೆ ಬಂದಷ್ಟೂ ಸುಸ್ತು. ಹುಡುಗ ಬಂದವನು ಮಾತಾಡಬೇಕಿಲ್ಲ, ಚಪ್ಪಲಿ ಬಿಟ್ಟು ಒಂದು ಕಡೆ ನಿಂತರೆ ಆಯಿತು. ಬಾಯಿ ಬಿಡದವರೂ ನಿಲ್ಲುತ್ತಾರೆ. ಆಮೇಲೆ "ಎಲ್ಲಿಗೆ ಹೋಗಬೇಕನಿಸ್ತದೋ" ಅಂದರೆ ಹತ್ತರಲ್ಲಿ ಏಳು ಜನ ಬಲಕ್ಕೆ ಹೋಗುವುದಿಲ್ಲ, ಕೆಳಗೆ ಹೋಗುತ್ತಾರೆ. ಅವರಿಗೆ ಖುಷಿ ಬೇಡ, ಗಡಿಬಿಡಿ ನಿಂತರೆ ಸಾಕು. ಇದು ಗೊತ್ತಾದ ದಿನ ನನ್ನ ಅರ್ಧ ಪಟ್ಟಿಗಳನ್ನು ಅಳಿಸಿ ಹಾಕಿದೆ.

ಈಗ ಪಟ್ಟಿ ಅಂದರೆ ಆರೇ ಹಾಡು, ಇಪ್ಪತ್ತೈದು ನಿಮಿಷದ ಒಳಗೆ. ಮೊದಲ ಎರಡು ಹುಡುಗ ನಿಂತ ಜಾಗದ ಹಾಡು, ಅವನೇ ಆರಿಸಿದ್ದು. ಪ್ಯಾಥೋ ಆದರೆ ಪ್ಯಾಥೋ, ನಮ್ಮ ಕಡೆಯ ಜಾನಪದ ಡಿಜೆ ಆದರೆ ಅದೇ. ಕೊನೆಯ ಎರಡು ಅವನು ಹೋಗಬೇಕಾದ ಜಾಗದ್ದು, ಅವನ್ನೂ ಅವನೇ ತರಬೇಕು. ನಡುವಿನ ಎರಡನ್ನು ಇಬ್ಬರೂ ಕೂಡಿ ಹುಡುಕುತ್ತೇವೆ. ನಾಲ್ಕನೆಯ ಹಾಡಿನ ಬಗ್ಗೆ ನನ್ನದೊಂದು ಲೆಕ್ಕ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಧಾರವಾಡಕ್ಕೆ ಬಂದರೆ ಚಹಾ ಕುಡಿಯುತ್ತ ಹೇಳುತ್ತೇನೆ. ಆರನೆಯದು ಮುಗಿದ ಮೇಲೆ ಮೌನ. ಆಟೊಪ್ಲೇ ಬಂದ್, ಷಫಲ್ ಬಂದ್, ಹಾಡುಗಳನ್ನು ಮೊದಲೇ ಇಳಿಸಿಕೊಂಡು ಫೋನು ಏರೋಪ್ಲೇನ್ ಮೋಡಿನಲ್ಲಿ. ಎರಡು ವರ್ಷದ ಕೆಲಸದಲ್ಲಿ ನಾನು ಕಂಡುಕೊಂಡದ್ದು ಒಂದೇ ಅಂದರೆ ಇದೇ: ಪಟ್ಟಿ ಮುಗಿಯಬೇಕು. ಮುಗಿದಾಗ ಬರುವ ಆ ಖಾಲಿ ಅರ್ಧ ನಿಮಿಷದಲ್ಲಿ ಹುಡುಗ ತಾನಾಗಿ ಬಾಯಿ ಬಿಡುತ್ತಾನೆ. ಹಾಡು ಕೇಳಿಸುವುದೆಲ್ಲ ಆ ಅರ್ಧ ನಿಮಿಷಕ್ಕಾಗಿ.

ಪುಕ್ಕಟೆ ಆ್ಯಪಿನಲ್ಲಿ ಇದು ನಡೆಯುವುದಿಲ್ಲ, ಅದನ್ನೂ ಪೆಟ್ಟು ತಿಂದೇ ಕಲಿತೆ. ಒಬ್ಬ ಹುಡುಗ ಐದನೆಯ ಹಾಡಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಾಗ ನಡುವೆ ಸಾಲದ ಜಾಹೀರಾತು ಕಿರುಚಿತು. ಅವನಪ್ಪ ಸಾಲದಲ್ಲಿದ್ದ. ಅವತ್ತಿನ ಕತೆ ಅಲ್ಲಿಗೇ ಮುಗಿಯಿತು.

ಖರ್ಚಿನ ಮಾತಿಗೆ ಬರುತ್ತೇನೆ, ಯಾಕೆಂದರೆ ಎಲ್ಲರೂ ಕೇಳುವುದು ಅದನ್ನೇ. ಹುಡುಗರ ಫೋನು ಬೀರುವಿನಲ್ಲಿ. ಹಾಗಾಗಿ ಹುಬ್ಬಳ್ಳಿಯಲ್ಲಿ ನಾಲ್ಕು ಹಳೇ ಫೋನು ಕೊಂಡೆ, ಒಂದಕ್ಕೆ 2,500ರ ಹಾಗೆ. ಸಿಮ್ ಹಾಕಲಿಲ್ಲ. ಒಂದರ ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ಎದ್ದು ಬಂತು, ಅದಕ್ಕೆ 600. ಇಯರ್‌ಫೋನು 150ರದ್ದು, ವರ್ಷಕ್ಕೆ ಡಜನ್ ಹಾಳಾಗುತ್ತವೆ. ಒಂದೇ ಫೋನಿಗೆ ಎರಡು ಇಯರ್‌ಫೋನ್ ಸಿಕ್ಕಿಸುವ ಕವಲು ವೈರು 80 ರೂಪಾಯಿ. ಇಡೀ ವ್ಯವಸ್ಥೆಯಲ್ಲಿ ಹೆಚ್ಚು ಕೆಲಸ ಮಾಡಿದ್ದು ಈ 80 ರೂಪಾಯಿಯ ವಸ್ತುವೇ! ಒಬ್ಬನೇ ಕಿವಿಗೆ ಹಾಕಿಕೊಂಡರೆ ಒಳಗೊಳಗೇ ಕೊರಗುತ್ತಾನೆ, ಇಬ್ಬರು ಒಂದೇ ಹಾಡು ಕೇಳಿದರೆ ಜೊತೆಗಿದ್ದ ಹಾಗೆ. ಆ್ಯಪಿನ ಚಂದಾ ಮೊದಲು ಒಂದೇ ಖಾತೆಗೆ ಕಟ್ಟಿದ್ದೆ, ತಿಂಗಳಿಗೆ 120ರ ಹತ್ತಿರ. ಆಗ ಹಾಡು ಇಳಿಸಿಕೊಳ್ಳುವ ಬುದ್ಧಿ ಇನ್ನೂ ಬಂದಿರಲಿಲ್ಲ. ಈ ಕೋಣೆಯಲ್ಲಿ ಒತ್ತಿದರೆ ಆ ಕೋಣೆಯ ಹಾಡು ನಿಲ್ಲುತ್ತಿತ್ತು, ಎರಡು ದಿನ ಫೋನು ಕೆಟ್ಟಿದೆ ಅಂತಲೇ ಬೈದಾಡಿಕೊಂಡೆವು. ಈಗ ಎರಡು ಖಾತೆ, ವರ್ಷದಲ್ಲಿ ಹತ್ತು ತಿಂಗಳು. ಹಳೆಯ ವಿದ್ಯಾರ್ಥಿಯೊಬ್ಬ ಕೊಡಿಸಿದ ಸ್ಪೀಕರನ್ನು ಬಿಟ್ಟು ಮೊದಲ ವರ್ಷ ಎಲ್ಲ ಸೇರಿ 15 ಸಾವಿರ ಆಗಿರಬೇಕು. ಆಡಳಿತ ಮಂಡಳಿ ಕೊಟ್ಟದ್ದು 5 ಸಾವಿರ. ಉಳಿದದ್ದು ನನ್ನ ಜೇಬಿನದು, ಮನೆಯಲ್ಲಿ ಇನ್ನೂ ಪೂರ್ತಿ ಹೇಳಿಲ್ಲ.

2024ರಲ್ಲಿ ನಾವು ಬಳಸುತ್ತಿದ್ದ ಒಂದು ಆ್ಯಪು ಬಾಗಿಲನ್ನೇ ಹಾಕಿತು. ಮೂವತ್ತಕ್ಕೂ ಹೆಚ್ಚು ಪಟ್ಟಿ ಅದರೊಳಗೇ ಹೋಯಿತು. ಆಗಿನಿಂದ ಪ್ರತಿ ಪಟ್ಟಿಯನ್ನೂ ನೂರು ಪುಟದ ನೋಟ್‌ಬುಕ್ಕಿನಲ್ಲಿ ಹುಡುಗನ ಕೈಯಲ್ಲೇ ಬರೆಸುತ್ತೇನೆ. ಕೈಯಾರೆ ಬರೆದವನು ಮರೆಯುವುದಿಲ್ಲ ಅಂತ ಆಮೇಲೆ ಗೊತ್ತಾಯಿತು. ರಜೆಗೆ ಊರಿಗೆ ಹೋದವನು ಅಪ್ಪನ ಫೋನಿನಲ್ಲಿ ಅದನ್ನೇ ಹಾಕಿಕೊಂಡು ಕೇಳಿದ್ದೂ ಉಂಟು.

ಯಾರಿಗೆ ಪಟ್ಟಿ, ಯಾರಿಗೆ ಬೇಡ ಎನ್ನುವುದನ್ನು ಮೊದಲೇ ಸೋಸಬೇಕು. ಸಂಗೀತ ಮತ್ತು ಮನಸ್ಸಿನ ಸಂಶೋಧಕರಾದ ಸುವಿ ಸಾರಿಕಲ್ಲಿಯೊ, ಕತ್ರೀನಾ ಮೆಕ್‌ಫೆರನ್ ಮತ್ತಿತರರು 2015ರಲ್ಲಿ ಪ್ರಕಟಿಸಿದ 13 ಪ್ರಶ್ನೆಗಳ ಅಳತೆಗೋಲು ಇದೆ, ಹದಿಹರೆಯದವರು ಹಾಡನ್ನು ಒಳ್ಳೆಯದಕ್ಕೆ ಬಳಸುತ್ತಾರೋ ಕೆಟ್ಟದ್ದಕ್ಕೋ ಎಂದು ನೋಡಲು. ಕನ್ನಡಕ್ಕೆ ತಿರುಗಿಸಿ ಕೊಟ್ಟೆ, ಹುಡುಗರು ಕಿರುಪರೀಕ್ಷೆ ಅಂದುಕೊಂಡು ಪಕ್ಕದವನದು ನೋಡಿ ಬರೆದರು. ಈಗ ಮಾತಿನ ನಡುವೆ ಮೂರೇ ಕೇಳುತ್ತೇನೆ: ಹಾಡು ಕೇಳಿದ ಮೇಲೆ ಗೆಳೆಯರ ಹತ್ತಿರ ಹೋಗಬೇಕನಿಸುತ್ತದೋ, ತಪ್ಪಿಸಿಕೊಳ್ಳಬೇಕನಿಸುತ್ತದೋ? ಕೇಳಿ ಕೆಟ್ಟದೆನಿಸಿದರೂ ನಿಲ್ಲಿಸಲು ಆಗುವುದಿಲ್ಲವೋ? ರಾತ್ರಿ ಎಷ್ಟು ಹೊತ್ತಿನತನಕ? ಎರಡನೆಯದಕ್ಕೆ ಹೂಂ ಅಂದವನಿಗೆ ಮೊದಲ ವಾರ ಪಟ್ಟಿಯೇ ಇಲ್ಲ, ಬರೀ ವಾಕಿಂಗು. ಸಾಯುವ ಮಾತು ಬಾಯಿಗೆ ಬಂತೋ, ಹಾಡು ಗೀಡು ಎಲ್ಲ ಬದಿಗೆ. ಅವನನ್ನು ಒಬ್ಬನೇ ಬಿಡದೆ, ಮನೆಯವರನ್ನು ಕರೆಸಿ, ಇಲ್ಲೇ ಇರುವ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ ಡಿಮ್ಹಾನ್ಸ್‌ಗೆ ನಾನೇ ಕರೆದುಕೊಂಡು ಹೋಗುತ್ತೇನೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನನ್ನ ಬಾಗಿಲ ಮೇಲೂ ಮೆಸ್ಸಿನ ಗೋಡೆಯ ಮೇಲೂ ಇದೆ. ಎರಡು ವರ್ಷದಲ್ಲಿ ಮೂವರನ್ನು ಹಾಗೆ ಕರೆದೊಯ್ದೆ. ಮೂವರೂ ಪರೀಕ್ಷೆ ಬರೆದರು.

ಕೆಲವು ಅಡ್ಡದಾರಿಗಳನ್ನೂ ತುಳಿದೆ. ಹಾಡಿನ ವೇಗ ಎಣಿಸುವ ಆ್ಯಪು ಹಾಕಿಕೊಂಡು ನಿಮಿಷಕ್ಕೆ ಅರವತ್ತು ತಾಳದ ಹಾಡುಗಳನ್ನೇ ಗುಡ್ಡೆ ಹಾಕಿದೆ, ನಿಧಾನದ ಹಾಡು ಕೇಳಿದರೆ ಎದೆಬಡಿತ ನಿಧಾನವಾದೀತು ಅಂತ. ನಮ್ಮ ಸಿನಿಮಾದಲ್ಲಿ ನಿಧಾನದ ಹಾಡೆಂದರೆ ಅಳುವ ಹಾಡೇ ಹೆಚ್ಚು ಎಂಬುದು ತಲೆಗೆ ಹೊಳೆಯಲೇ ಇಲ್ಲ. ಕರೋಕೆ ಆ್ಯಪು ಇನ್ನೊಂದು ಪೆಟ್ಟು. ಅದು ಅಂಕ ಕೊಡುತ್ತದೆ, ಅಂಕದ ಕಾಟಕ್ಕೇ ನನ್ನ ಹತ್ತಿರ ಬಂದವನಿಗೆ ಇಲ್ಲೂ 62!

ತಂಬೂರಿ ಆ್ಯಪು ಮಾತ್ರ ನಿರೀಕ್ಷೆ ಮೀರಿ ನಡೆಯಿತು. ಮಲ್ಲಿಕಾರ್ಜುನ ಮನಸೂರರ ಊರಿನಲ್ಲಿದ್ದೂ ನಮ್ಮ ಹುಡುಗರಿಗೆ ತಂಬೂರಿ ಅಂದರೆ ಭಜನೆ ಅಷ್ಟೇ. ಲೈಟು ಆರಿಸಿದ ಮೇಲೆ ಸ್ಪೀಕರಿನಲ್ಲಿ ಸಣ್ಣಗೆ ಹಾಕಿ, ಬಾಯಿ ಮುಚ್ಚಿ ಅದರ ಜೊತೆ ಹೂಂ ಅನ್ನಿ ಅಂದೆ. ಎರಡು ದಿನ ಕಿಸಕ್ಕನೆ ನಕ್ಕರು. ಮೂರನೆಯ ದಿನ ಎಂಟು ನಿಮಿಷ ಹೂಂಗುಟ್ಟಿ ಮಲಗಿದರು. ಈಗ ಒಂದು ಬ್ಲಾಕಿನವರು ನಾನಿಲ್ಲದಿದ್ದರೂ ಮಾಡಿಕೊಳ್ಳುತ್ತಾರೆ.

ಹಾಡು ಕಟ್ಟುವ ಆ್ಯಪು ಬ್ಯಾಂಡ್‌ಲ್ಯಾಬ್‌ನಲ್ಲಿ ಸದ್ದು ಸೇರಿಸುವುದು ಒಬ್ಬನಿಗೆ ಹಿಡಿಸಿತು. ಜೂನಿನಿಂದ ನನ್ನೆದುರು ನಾಲ್ಕು ಮಾತು ಆಡದವನು, ಬೆಳಿಗ್ಗೆ ಐದಕ್ಕೆದ್ದು ಮೆಸ್ಸಿನಲ್ಲಿ ಅಕ್ಕಂದಿರು ರೊಟ್ಟಿ ಬಡಿಯುವ ಸದ್ದು ರೆಕಾರ್ಡು ಮಾಡಿ ತಂದ. ಅದನ್ನೇ ತಾಳ ಮಾಡಿ, ಮೇಲೆ ಕುಕ್ಕರಿನ ಸೀಟಿ ಕೂಡಿಸಿದ. ರೊಟ್ಟಿ ಅಕ್ಕಂದಿರಿಗೆ ಕೇಳಿಸಿದಾಗ ಒಬ್ಬರು "ಏ ತಮ್ಮಾ, ಇದು ನನ್ನ ಕೈ ಅಲ್ಲೇನೋ" ಅಂದರು. ಅವನ ಮನಸ್ಸಿನ ಅಂಕ ಬರೆಯುವುದನ್ನೇ ಮರೆತೆ. ಏಳು ಎಂಟು ಇದ್ದೀತು.

ಒಟ್ಟು ಲೆಕ್ಕ ನೆನಪಿನ ಮೇಲೆ ಹೇಳುತ್ತೇನೆ, ನೋಟ್‌ಬುಕ್ಕು ಆಫೀಸಿನಲ್ಲಿದೆ. ಹೊಸ ಕ್ರಮದಲ್ಲಿ ಪಟ್ಟಿ ಮಾಡಿದವರು ಅರವತ್ತರ ಹತ್ತಿರ. ನಲವತ್ತು ಜನರ ಮನಸ್ಸಿನ ಅಂಕ ಅದೇ ಕೂಡಿಕೆಯಲ್ಲಿ ಎರಡೋ ಮೂರೋ ಏರಿತು. ಹದಿನೈದು ಜನರದು ಇದ್ದಲ್ಲೇ ಇತ್ತು. ಐದಾರು ಜನರದು ಇಳಿಯಿತು, ಅವರಲ್ಲಿ ಇಬ್ಬರಿಗೆ ಮನೆಯಲ್ಲಿ ಜಗಳ ನಡೆದಿತ್ತು, ಅದಕ್ಕೆ ಯಾವ ಹಾಡೂ ಸಾಲದು. ರಾತ್ರಿ ಹನ್ನೆರಡರ ಮೇಲೆ ಬಾಗಿಲು ಬಡಿಯುವವರು ವಾರಕ್ಕೆ ಆರೇಳು ಇದ್ದವರು ಒಂದಿಬ್ಬರಿಗೆ ಇಳಿದರು. ನಾನು ನಿದ್ದೆ ಮಾಡುತ್ತಿದ್ದೇನೆ ಎಂಬುದೇ ದೊಡ್ಡ ಪುರಾವೆ ಅಂತ ನನ್ನ ಹೆಂಡತಿ ಅನ್ನುತ್ತಾಳೆ.

ಅಂದ ಹಾಗೆ, ವಾರ್ಡನ್ ಸಾಹೇಬರ ಮಗಳ ಪಟ್ಟಿಯನ್ನು ನಾನು ಮಾಡಿಕೊಡಲಿಲ್ಲ. ಸೀಮೆಸುಣ್ಣದ ಒಂದು ತುಂಡು, ಕವಲು ವೈರು ಕೈಗೆ ಕೊಟ್ಟು "ನೀವೇ ಅಕಿ ಜೋಡಿ ಕೂಡ್ರಿ, ಮೊದಲ ಎರಡು ಹಾಡು ಅಕಿಗೇ ಬಿಡ್ರಿ" ಅಂದೆ. ಮರುದಿನ ಮುಖ ಸಣ್ಣಗೆ ಮಾಡಿಕೊಂಡು ಬಂದರು. ಮೊದಲ ಎರಡೂ ಕೊರಿಯಾದ ಹಾಡಂತೆ, ಒಂದು ಅಕ್ಷರ ತಿಳಿಯಲಿಲ್ಲವಂತೆ. ಊಟ ಮಾಡಿದಳೋ ಅಂತ ಕೇಳಿದೆ. ಎರಡು ರೊಟ್ಟಿ ಅಂದರು. ಕವಲು ವೈರು ಇನ್ನೂ ವಾಪಸು ಬಂದಿಲ್ಲ. ಜೂನಿಗೆ ಹೊಸ ಬ್ಯಾಚು ಬರುವುದರೊಳಗೆ ಇನ್ನೆರಡು ಕೊಳ್ಳಬೇಕು.