ಅಪ್ಪ ಗಡಿಯಲ್ಲಿದ್ದಾಗ ಮನೆಯ ಮಗುವಿಗೆ

ಯುದ್ಧದ ಸುದ್ದಿ ಬಂದು ಸೈನಿಕ ಅಪ್ಪ ರಜೆ ಅರ್ಧಕ್ಕೇ ಬಿಟ್ಟು ಹೊರಟರೆ, ಮಗುವಿಗೆ ಅಂದೇ ನಿಜ ಹೇಳಿ. "ನಾಳಿ ಬರ್ತಾನ" ಅಂದು ಎರಡು ನಾಳೆ ಕಳೆದರೆ ಅವ್ವನ ಯಾವ ಮಾತನ್ನೂ ಅದು ನಂಬುವುದಿಲ್ಲ. "ಯಾವಾಗ ಬರ್ತಾನ ಗೊತ್ತಿಲ್ಲ, ಗೊತ್ತಾದ ಕೂಡ್ಲೇ ಹೇಳ್ತೀನಿ" ಅನ್ನಿ, ಸಾಕು.

ಫೋನಿಗೆ ಹೊತ್ತು ಗೊತ್ತು ಮಾಡಬೇಡಿ. ಮುಂಚೂಣಿಯಲ್ಲಿ ಫೋನ್ ಬಂದ್ ಇರುವುದು ಮಾಮೂಲು. ಕಾಯ್ದ ಕರೆ ಬರದಿದ್ದರೆ ಮಗು ಕೆಟ್ಟದ್ದನ್ನೇ ಊಹಿಸುತ್ತದೆ. ಟಿವಿ ಸುದ್ದಿ ಮಗು ಮಲಗಿದ ಮೇಲೆ ನೋಡಿ. ಅಪ್ಪನ ಪಲ್ಟನ್, ಜಾಗದ ಹೆಸರು ವಾಟ್ಸಾಪಿನಲ್ಲಿ ಬೇಡವೇ ಬೇಡ.

ಕಲಬುರಗಿ, ಯಾದಗಿರಿ ಕಡೆ ಆ ಹೊತ್ತಿಗೆ ಹೊಲದಲ್ಲಿ ತೊಗರಿ ಇದ್ದರೆ ಒಳ್ಳೆಯದೇ, ಮಗುವಿನ ಮನಸ್ಸು ತೊಡಗಲು ಒಂದು ಕೆಲಸ ಸಿಗುತ್ತದೆ. ಬಿತ್ತಿದ 45–50 ದಿನಕ್ಕೆ ಕುಡಿ ಚಿವುಟುವುದು ಹತ್ತು ವರ್ಷದ ಮಗುವಿಗೂ ಬರುತ್ತದೆ: ತುದಿಯ ಎಳೆ ಕುಡಿಯನ್ನಷ್ಟೇ ಉಗುರಿನಿಂದ ಕೀಳಬೇಕು, ಆಗ ಪಕ್ಕದ ಟೊಂಗೆ ಹೆಚ್ಚುತ್ತವೆ. ಹೂ ಮೊಗ್ಗು ಬಂದ ಮೇಲೆ ಚಿವುಟಿದರೆ ಇಳುವರಿಗೇ ಪೆಟ್ಟು. ಶಾಲೆ ಬಿಟ್ಟ ಮೇಲೆ ಮುತ್ಯಾನ ಜೊತೆ ಎರಡು ಸಾಲು ಸಾಕು, ಅಪ್ಪನಿಗೆ ಹೇಳಲು ಒಂದು ಸುದ್ದಿಯೂ ಆಯಿತು. ಔಷಧಿ ಹೊಡೆಯುವ ದಿನ ಹೊಲದತ್ತ ಬಿಡಬೇಡಿ.

"ಈಗ ನೀನೇ ಮನಿ ಯಜಮಾನ" ಎಂದು ಬೀಗರು ಬೆನ್ನು ತಟ್ಟುತ್ತಾರೆ. ತಡೆಯಿರಿ, ಅಳುವ ಹಕ್ಕನ್ನೇ ಅದು ಕಸಿಯುತ್ತದೆ.

ಹಾಸಿಗೆಯಲ್ಲಿ ಉಚ್ಚೆ, ಹೊಟ್ಟೆನೋವು, ಜಗಳ ಕೆಲವು ದಿನ ಸಹಜ. ಎರಡು ವಾರ ದಾಟಿದರೆ ಶಾಲೆಯ ಮಾಸ್ತರರಿಗೆ ತಿಳಿಸಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.