ಬಟನ್ ಹುಟ್ಟುವ ಮೊದಲೇ ಓಡಿದ ಕೋಡ್

ನಾನು ಮಾಡುತ್ತಿದ್ದ ವೆಬ್ ಪುಟದಲ್ಲಿ ಮೆನು ಬಟನ್ ಒತ್ತಿದರೆ ಏನೂ ಆಗುತ್ತಿರಲಿಲ್ಲ. ಬ್ರೌಸರ್ ಎರರ್ ತೋರಿಸುವ, ಕೋಡ್ ಟೈಪ್ ಮಾಡಿ ನೋಡಬಹುದಾದ ಕನ್ಸೋಲ್‌ನಲ್ಲಿ ನಲ್, ಅಂದರೆ ಏನೂ ಸಿಗಲಿಲ್ಲ, ಎಂಬ ಕೆಂಪು ಎರರ್. ಬಟನ್‌ನ ಐಡಿಯನ್ನು ನಾಲ್ಕು ಸಲ ಓದಿದೆ, ಸರಿಯಾಗೇ ಇತ್ತು. ಬಟನ್ ಹುಡುಕುವ ಅದೇ ಸಾಲನ್ನು ಕನ್ಸೋಲ್‌ನಲ್ಲಿ ಟೈಪ್ ಮಾಡಿದರೆ ಬಟನ್ ಸಿಗುತ್ತಿತ್ತು! ಅಂದರೆ ತಪ್ಪು ಕೋಡ್‌ನಲ್ಲಿರಲಿಲ್ಲ, ಅದು ಓಡಿದ ಹೊತ್ತಿನಲ್ಲಿತ್ತು.

ಕೋಡ್ ಫೈಲನ್ನು ಪುಟಕ್ಕೆ ಸೇರಿಸುವ ನನ್ನ ಸ್ಕ್ರಿಪ್ಟ್ ಟ್ಯಾಗ್ ಪುಟದ ಆರಂಭದ ಭಾಗವಾದ ಹೆಡ್‌ನಲ್ಲಿತ್ತು. ಬ್ರೌಸರ್ ಪುಟವನ್ನು ಬರೆದಿರುವ ಎಚ್‌ಟಿಎಂಎಲ್ ಅನ್ನು ಮೇಲಿಂದ ಕೆಳಗೆ ಓದುತ್ತಾ ಬರುತ್ತದೆ. ಸಾದಾ ಸ್ಕ್ರಿಪ್ಟ್ ಸಿಕ್ಕರೆ ಅಲ್ಲೇ ನಿಲ್ಲುತ್ತದೆ. ಫೈಲ್ ತರಿಸಿ, ರನ್ ಮಾಡಿ, ಆಮೇಲೆ ಮುಂದಕ್ಕೆ ಹೋಗುತ್ತದೆ. ಕೆಳಗಿದ್ದ ಬಟನ್ ಆಗಿನ್ನೂ ಹುಟ್ಟೇ ಇರಲಿಲ್ಲ.

ಕೋಡ್ ಎಲ್ಲವನ್ನೂ, ಪುಟ ಪೂರ್ತಿ ಬಂದಾಗ ಬ್ರೌಸರ್ ಕೊಡುವ ಸೂಚನೆಯಾದ ವಿಂಡೋದ ಲೋಡ್ ಇವೆಂಟ್ ಒಳಗೆ ಹಾಕಿದೆ. ಸರಿಹೋಯಿತು ಅಂದುಕೊಂಡೆ. ಬ್ರೌಸರ್‌ನ ಪರೀಕ್ಷಾ ಸಲಕರಣೆಯಾದ ಡೆವ್‌ಟೂಲ್ಸ್‌ನಲ್ಲಿ ನೆಟ್‌ವರ್ಕ್ ನಿಧಾನ ಮಾಡಿ ನೋಡಿದಾಗ ಬೇಜಾರಾಯಿತು. ಪುಟ ಕಾಣುತ್ತಿದೆ, ಬಟನ್ ಕಾಣುತ್ತಿದೆ, ಎಷ್ಟು ಒತ್ತಿದರೂ ಅಲುಗಾಡುವುದಿಲ್ಲ. ಲೋಡ್ ಇವೆಂಟ್ ಚಿತ್ರ, ಸ್ಟೈಲ್‌ಶೀಟ್, ಐಫ್ರೇಮ್‌ಗಳೆಲ್ಲ ಬರುವ ತನಕ ಕಾಯುತ್ತದೆ. ಪುಟದ ತಳದಲ್ಲಿರುವ ಫೋಟೋಗಾಗಿ ಮೇಲಿನ ಮೆನು ಯಾಕೆ ಕಾಯಬೇಕು? ಪುಟ ತೆರೆದವರಿಗೆ ಅದು ಕೆಟ್ಟುಹೋದ ಬಟನ್, ಅಷ್ಟೇ ಅಲ್ವಾ?

ಕೊನೆಗೆ ಉಳಿಸಿಕೊಂಡದ್ದು ಸ್ಕ್ರಿಪ್ಟ್ ಟ್ಯಾಗ್‌ನಲ್ಲಿ ಬರೆಯುವ ಡಿಫರ್ ಎಂಬ ಪದ. ಫೈಲ್ ಹಿನ್ನೆಲೆಯಲ್ಲಿ ಇಳಿಯುತ್ತದೆ, ಎಚ್‌ಟಿಎಂಎಲ್ ಓದಿ ಮುಗಿದ ಮೇಲೆ ಓಡುತ್ತದೆ. ಹಲವು ಫೈಲ್‌ಗಳಿದ್ದರೆ ಬರೆದ ಕ್ರಮದಲ್ಲೇ ಓಡುತ್ತವೆ. ಮಾಡ್ಯೂಲ್ ಸ್ಕ್ರಿಪ್ಟ್‌ಗೆ ಈ ನಡತೆ ತಾನಾಗಿಯೇ ಇರುತ್ತದೆ. ಆದರೆ ಪುಟದೊಳಗೇ ಬರೆದ ಸಾದಾ ಸ್ಕ್ರಿಪ್ಟ್‌ಗೆ ಸುಮ್ನೆ ಡಿಫರ್ ಹಾಕಿ ಫಲವಿಲ್ಲ, ಬ್ರೌಸರ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ನಡುವೆ ಟ್ಯಾಗ್‌ನಲ್ಲಿ ಅಸಿಂಕ್ ಎಂಬ ಇನ್ನೊಂದು ಪದವನ್ನೂ ಹಾಕಿ ನೋಡಿದ್ದೆ. ಅದರಲ್ಲಿ ಯಾವುದು ಮೊದಲು ಬಂತೋ ಅದು ಮೊದಲು ಓಡುತ್ತದೆ. ಒಮ್ಮೆ ನನ್ನ ಕೋಡ್ ನೆಚ್ಚಿಕೊಂಡ ಲೈಬ್ರರಿ ಮುಂದೆ, ಇನ್ನೊಮ್ಮೆ ನನ್ನ ಕೋಡ್ ಮುಂದೆ. ಒಂದು ಸಲ ಬಂದು ಇನ್ನೊಂದು ಸಲ ಮಾಯವಾಗುವ ಇಂಥ ದೋಷ ಹುಡುಕುವಷ್ಟು ಕಷ್ಟ ಬೇರೆ ಇಲ್ಲ. ಈಗ ಯಾರನ್ನೂ ನೆಚ್ಚಿಕೊಳ್ಳದ ಸ್ಕ್ರಿಪ್ಟ್‌ಗೆ ಮಾತ್ರ ಅಸಿಂಕ್ ಕೊಡುತ್ತೇನೆ.

ಇನ್ನೊಂದು ಸಲ, ತಡವಾಗಿ ಸೇರಿಸಿದ ಸ್ಕ್ರಿಪ್ಟ್, ಎಚ್‌ಟಿಎಂಎಲ್ ಓದಿ ಮುಗಿದಾಗ ಬರುವ ಡಾಮ್‌ಕಂಟೆಂಟ್‌ಲೋಡೆಡ್ ಇವೆಂಟ್‌ಗೆ ಕಾಯುತ್ತಾ ಕೂತಿತ್ತು. ಆ ಇವೆಂಟ್ ಆಗಲೇ ಆಗಿಹೋಗಿತ್ತು, ಮತ್ತೆ ಬರುವುದಿಲ್ಲ. ಹಾಗಾಗಿ ಮೊದಲು, ಪುಟ ಯಾವ ಹಂತದಲ್ಲಿದೆ ಎಂದು ಹೇಳುವ ಡಾಕ್ಯುಮೆಂಟ್‌ನ ರೆಡಿಸ್ಟೇಟ್ ನೋಡುತ್ತೇನೆ. ಲೋಡಿಂಗ್ ಅಂತಿದ್ದರೆ ಕಾಯುವುದು, ಇಲ್ಲದಿದ್ದರೆ ನೇರ ರನ್ ಮಾಡುವುದು.

ಫೋಟೋದ ನಿಜವಾದ ಅಗಲ ಬೇಕಾದಾಗ ಮಾತ್ರ ಲೋಡ್‌ಗೆ ಮರಳುತ್ತೇನೆ, ಅದೂ ಇಡೀ ವಿಂಡೋದ್ದಲ್ಲ, ಆ ಒಂದು ಚಿತ್ರದ ಲೋಡ್‌ಗೆ. ಬ್ರೌಸರ್ ಉಳಿಸಿಟ್ಟುಕೊಂಡ ಕ್ಯಾಶ್‌ನಿಂದ ಚಿತ್ರ ಮೊದಲೇ ಬಂದಿರಬಹುದು, ಆದ್ದರಿಂದ ಬಂದು ಮುಗಿದಿದೆಯೇ ಎಂದು ಹೇಳುವ ಅದರ ಕಂಪ್ಲೀಟ್ ಗುಣವನ್ನೂ ನೋಡಿಕೊಳ್ಳುತ್ತೇನೆ.